ಚಿಮಿಣಿ ಎಣ್ಣೆಯ ಡಬ್ಬದಲ್ಲಿ ಉಳಿದದ್ದು

ಪಡೀಲ್, ಬೆಳಿಗ್ಗೆ
ತಾ. 14-2-1979

ಮಾಯಿಲಪ್ಪ ಭಾವನವರಿಗೆ ಚೆನ್ನಪ್ಪನ ನಮಸ್ಕಾರ.

ಊಟಕ್ಕೆ ನೀವು ಉಪ್ಪಿನಂಗಡಿಯ ಭಟ್ಟರ ಹೋಟೆಲಿನಲ್ಲಿ ಲಾರಿ ನಿಲ್ಲಿಸುತ್ತೀರಿ ಎಂದು ಇದನ್ನು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ ಹತ್ತಿರ ಕಳಿಸಿದ್ದೇನೆ. ಓದಿದ ಮೇಲೆ ಲಾರಿಯನ್ನು ಒಂದು ಅಡಿಯೂ ಮುಂದೆ ತೆಗೆಯಬೇಡಿ. ಚಕ್ರಗಳಿಗೆ ಕಲ್ಲು ಕೊಡಿ.

ಗ್ಯಾರೇಜಿನಲ್ಲಿ ನಾನು ಬಿಚ್ಚಿ ಹಾಕಿದ ಹಿಂದಿನ ಎರಡೂ ಆಕ್ಸಲ್ ಶಾಫ್ಟ್ ಸರಿಯಾಗಿ ಕೂತಿವೆ, ಬ್ರೇಕಿನ ಲೈನರೂ ಹೊಸತು. ಆದರೆ ನೀವು ಹೊರಟ ಮೇಲೆ ಬಿಡಿಭಾಗ ತೊಳೆದ ಚಿಮಿಣಿ ಎಣ್ಣೆಯ ಡಬ್ಬ ಚೆಲ್ಲುವಾಗ ತಳದಲ್ಲಿ ಒಂದು ಲಾಕ್ ವಾಷರ್, ಹಬ್ಬಿನ ನಟ್ಟು ತಿರುಗದಂತೆ ಹಿಡಿಯುವಂಥದ್ದು, ಸಿಕ್ಕಿತು. ತೊಳೆಯಲು ಹಾಕಿದವನು ನಾನೇ. ಬಲಗಡೆಯ ಚಕ್ರಕ್ಕೆ ಹಾಕಿದ ನೆನಪು ಉಂಟು, ಎಡಗಡೆಗೆ ಹಾಕಿದ ನೆನಪಿಲ್ಲ. ಅದಿಲ್ಲದಿದ್ದರೆ ಹಬ್ಬಿನ ನಟ್ಟು ಸಡಿಲವಾಗುತ್ತ ಹೋಗಿ ಚಕ್ರ ಡ್ರಮ್ಮಿನ ಸಮೇತ ಹೊರಗೆ ಬರುತ್ತದೆ. ಹಂಚಿನ ಲೋಡು, ಮುಂದೆ ಶಿರಾಡಿ ಘಾಟಿ.

"ಎಲ್ಲ ಟೈಟ್ ಉಂಟಲ್ಲ?" ಎಂದು ನೀವು ಕೇಳಿದ್ದಿರಿ. ನಾನು ಡ್ರಮ್ಮಿಗೆ ಬಡಿದು, "ಎಂತ ಸಂಶಯ ಭಾವ, ಹೋಗಿ" ಎಂದೆ. ಬಸ್ಸಿನಲ್ಲಿ ವಾಂತಿ ಬರುತ್ತದೆ ಎಂದ ತಂಗಿ ದೇಯಿಯನ್ನು ನಿಮ್ಮ ಪಕ್ಕ ಹತ್ತಿಸಿದವನೂ ನಾನೇ. ಅವಳಿಗೆ ಏನೂ ಹೇಳಬೇಡಿ. ಹೋಟೆಲಿನ ಒಳಗೆ ಕೂತು ಚಾ ಕುಡಿಯಲಿ.

ಎಡಗಡೆಯ ಹಬ್ಬು ಮುಟ್ಟಿ ನೋಡಿ. ಸುಡುತ್ತಿದ್ದರೆ ನೀರು ಹಾಕಬೇಡಿ, ಹಾಗೇ ಬಿಡಿ. ಹಬ್ಬಿನ ಸ್ಪ್ಯಾನರ್ ಕೊಟ್ಟಾರದ ಗ್ಯಾರೇಜಿನವರು ಒಯ್ದಿದ್ದಾರೆ, ಅದನ್ನು ತಂದು ಮುಂದಿನ ಬಸ್ಸಿಗೆ ಬರುತ್ತೇನೆ.

ಕಂಡಕ್ಟರ ಬಸ್ಸು ಉಪ್ಪಿನಂಗಡಿಯಿಂದ ಆಚೆ ಹೋಗುವುದಿಲ್ಲ. ನೀವು ಆಗಲೇ ಹೊರಟು ಲಾರಿ ಕಾಣದಿದ್ದರೆ ಈ ಕಾಗದವನ್ನು ಭಟ್ಟರಿಗೆ ಕೊಟ್ಟುಬಿಡಿ ಎಂದು ಅವರಿಗೆ ಹೇಳಿದ್ದೇನೆ. ನಾನು ಬಂದು ಇಳಿಯುವಾಗ ಇದು ಭಟ್ಟರ ಕೈಯಲ್ಲಿ ಇರುವುದು ಬೇಡ ಭಾವ.

ಇತಿ ನಿಮ್ಮ,
ಚೆನ್ನಪ್ಪ