ಅಡಿವೆಪ್ಪನವರನ್ನು ಹೊರಗಿಟ್ಟ ಕಾವಲು

ಗಾಳಿಯೂರು, ಕಪ್ಪತಗುಡ್ಡ
ಫೆಬ್ರವರಿ 30, 2319

ಹಳೆಯ ಕಾಲದ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಮ್ಮ ಮುತ್ತಜ್ಜಿಯ ಕಾಲದಲ್ಲೇ ಸರಿಪಡಿಸಲಾಯಿತು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಪಾಸ್‌ವರ್ಡುಗಳ ವಿಷಯ ಓದಿ ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. ಗುಟ್ಟನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೇ ಅಂಟಿಸುತ್ತಿದ್ದಿರಂತಲ್ಲ!

ನಮ್ಮೂರಿನ ನೀರು, ಬೆಳಕು, ಔಷಧ, ಪತ್ರ ಎಲ್ಲವೂ ಒಂದೇ ಜಾಲದಲ್ಲಿ ಓಡುತ್ತವೆ. ಅದನ್ನು ಕಾಯುವ ಬುದ್ಧಿಯಂತ್ರಕ್ಕೆ ಜಾಲಗಾವಲು ಎನ್ನುತ್ತೇವೆ. ಅದು ನಮ್ಮನ್ನು ಗುರುತಿಸುವುದು ರೂಢಿಯಿಂದ: ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾರು ಗುಂಡಿಯನ್ನು ಎಷ್ಟು ಒರಟಾಗಿ ಒತ್ತುತ್ತಾರೆ, ಯಾರು ಎರಡು ಸಲ ನೋಡದೆ ಏನನ್ನೂ ಕಳಿಸುವುದಿಲ್ಲ. ರೂಢಿ ತಪ್ಪಿದರೆ ಕಳ್ಳ ಹೊಕ್ಕನೆಂದು ಹೊರಗಿಡುತ್ತದೆ. ಹಾಗೆ ಹೊರಗಾದವರ ಮನೆಗೆ ಅದೇ ದಿನ ಒಬ್ಬರು ಹೋಗಿ ಕಾರಣ ಹೇಳಬೇಕು, ಜೊತೆಗೆ ಕೂತು ಉಣ್ಣಬೇಕು, ಕೊನೆಗೆ ತನ್ನ ಹೆಸರು ಹಾಕಿ ತೀರ್ಪು ಬರೆದುಕೊಡಬೇಕು. ಆ ಕೆಲಸ ಮಾಡುವವಳನ್ನು ಇಲ್ಲಿ ಹೊಸ್ತಿಲಗಿತ್ತಿ ಎನ್ನುತ್ತಾರೆ, ಅವಳೇ ನಾನು. ಅದಕ್ಕೇ ಸ್ವಲ್ಪ ದಪ್ಪಗಿದ್ದೇನೆ.

ಕಳೆದ ತಿಂಗಳು ಹೊರಗಾದವರು ಗಾಳಿಚಕ್ರಗಳನ್ನು ನಡೆಸುವ ಅಡಿವೆಪ್ಪನವರು. ವಯಸ್ಸು ತೊಂಬತ್ತೊಂದು. ನಲವತ್ತು ವರ್ಷ ದಿನಕ್ಕೆ ಮೂರೇ ಸಲ ಜಾಲಕ್ಕೆ ಬರುತ್ತಿದ್ದವರು ಈಗ ಮೂವತ್ತು ಸಲ ಬರುತ್ತಿದ್ದರು, ಲಕ್ಕುಂಡಿಗೆ ಉದ್ದುದ್ದ ಪತ್ರ ಕಳಿಸುತ್ತಿದ್ದರು. ಪತ್ರಗಳನ್ನು ಓದಿದರೆ ಕ್ಷಣದಲ್ಲಿ ಸತ್ಯ ತಿಳಿಯುತ್ತದೆ ಎಂದಿತು ಕಾವಲು. ಪಂಚಾಯಿತಿಯವರೂ ತಲೆಯಾಡಿಸಿದರು. ಅಡಿವೆಪ್ಪನವರ ಒಪ್ಪಿಗೆಯೊಂದು ಬಾಕಿಯಿತ್ತು.

“ನನ್ನ ಪತ್ರ ಓದೂದಾದ್ರ ನಾನ ಕಳ್ಳ ಅಂತ ಬರಕೋರಿ, ಹೋಗ್ರಿ!” ಎಂದು ಕೇಳಲು ಮನೆಗೆ ಹೋದ ನನ್ನ ಮೇಲೆ ಕೂಗಾಡಿದರು. ಆಮೇಲೆ ತಣ್ಣಗಾಗಿ, ರೊಟ್ಟಿ ಬಡಿಸುತ್ತಾ, “ಮದವಿಗೆ ಹೂಂ ಅಂತೀಯೋ ಇಲ್ಲೋ ಅಂತ ಲಕ್ಕುಂಡಿ ಈರವ್ವ ಕೇಳ್ಯಾಳವಾ. ಶುಕ್ರವಾರದೊಳಗ ಹೇಳಬೇಕು” ಎಂದರು. ಕಿವಿ ಕೆಂಪಗಾಗಿತ್ತು.

ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಈರವ್ವನ ಹೆಸರಿನಲ್ಲಿ ಯಾರೋ ಈ ಮುದುಕರನ್ನು ಆಡಿಸುತ್ತಿದ್ದರೆ? ಚಕ್ರಗಳು ಕಳ್ಳರ ಕೈಗೆ ಹೋದರೆ ಆಸ್ಪತ್ರೆಗೂ ಬೆಳಕಿಲ್ಲ. ಪತ್ರ ಓದುವುದು ಎಷ್ಟು ಸುಲಭವಿತ್ತು! ಆದರೆ ಅದು ಅವರಿಬ್ಬರದು. ನಾನು ಮರುದಿನವೇ ಬಸ್ಸು ಹತ್ತಿ ಲಕ್ಕುಂಡಿಗೆ ಹೋಗಿ ಬಾಗಿಲು ತಟ್ಟಿದೆ. ಎಂಬತ್ತಾರರ ಅಜ್ಜಿಯೊಬ್ಬರು ತೆರೆದವರೇ, “ಗಾಳಿಯೂರಿಂದ ಬಂದೀಯೇನ? ಎಲ್ಲಿ ಸತ್ತಾನ ಆ ಮುದುಕ? ನಿನ್ನಿಯಿಂದ ಸುದ್ದಿಲ್ಲ!” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅಲ್ಲೇ ನಿಂತು, ಅಡಿವೆಪ್ಪನವರನ್ನು ಒಳಬಿಡಬಹುದು ಎಂಬ ತೀರ್ಪಿಗೆ ಸಹಿ ಹಾಕಿದೆ. ಅಲ್ಲೂ ಉಂಡೆ.

ತಪ್ಪು ನಮ್ಮದೇ. ಕಾವಲಿಗೆ ನಮ್ಮ ರೂಢಿಗಳನ್ನೆಲ್ಲ ಕಲಿಸಿದ್ದೆವು, ಮನುಷ್ಯ ಯಾವ ವಯಸ್ಸಿನಲ್ಲೂ ಬದಲಾಗಬಹುದು ಎಂಬುದನ್ನು ಕಲಿಸಲು ಮರೆತಿದ್ದೆವು. ಮದುವೆಯ ಮರುದಿನ ಅಡಿವೆಪ್ಪನವರು ಜೀವಮಾನದಲ್ಲೇ ಮೊದಲ ಸಲ ಕೆಲಸಕ್ಕೆ ತಡವಾಗಿ ಬಂದರು. ಕಾವಲು ಮತ್ತೆ ಹೊರಗಿಟ್ಟಿತು. ನಾನು ನಗುತ್ತಲೇ ಚಪ್ಪಲಿ ಮೆಟ್ಟಿಕೊಂಡೆ.

ನೀವೀಗ ಇಂಥ ಮೊದಲ ಕಾವಲುಗಳನ್ನು ಕಟ್ಟುತ್ತಿದ್ದೀರಿ. ಖಂಡಿತ ಕಟ್ಟಿ, ಕಳ್ಳರು ನಮ್ಮ ಕಾಲದಲ್ಲೂ ಇದ್ದಾರೆ. ಒಂದೇ ಬೇಡಿಕೆ. ಅದು ಹೊರಗಿಟ್ಟವರ ಮನೆಗೆ ಹೋಗಿ ಮುಖ ನೋಡಿ ಮಾತಾಡಲು ಒಬ್ಬರನ್ನು ಮೊದಲು ಹುಡುಕಿಕೊಳ್ಳಿ. ಅಂಥವರು ಸಿಗುವ ತನಕ ಅದಕ್ಕೆ ಬಾಗಿಲು ಮುಚ್ಚಲು ಕಲಿಸಬೇಡಿ.

ನಿಮ್ಮ ಮುಂದಿನವಳು,
ಚಂಪಾವತಿ ಹುಲಕೋಟಿ