ಸಹಿಯಿಲ್ಲದ ಅರ್ಜಿ

ಅಪ್ಪಾ,

ಆರರ ಬಸ್ಸಿಗೆ ಹೊರಟೆ. ಸೂಕ್ಷ್ಮಯಂತ್ರಗಳ ಎಂಜಿನಿಯರಿಂಗ್ ಸೀಟಿಗೆ ಇವತ್ತು ಮಧ್ಯಾಹ್ನ ಮೈಸೂರಿನಲ್ಲಿ ಸಂದರ್ಶನ.

ರೊಟ್ಟಿ ಮುಚ್ಚಿಟ್ಟಿದ್ದೇನೆ. ಕಣ್ಣಿಗೆ ಔಷಧಿ ಮರೆಯದೆ ಹಾಕಿಕೋ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಗುಂಡಯ್ಯನವರ ವಾಚು ಸರಿಮಾಡಿದ್ದೇನೆ, ಮತ್ತೆ ಬಿಚ್ಚಬೇಡ.

"ಹೆಣ್ಮಗಳಿಗೆ ಮಿಷನ್ ಸಾವಾಸ ಯಾಕವ್ವ, ನಮ್ಮ ವಾಚಂಗಡಿ ಐತಲ್ಲ" ಅಂತ ನೀನು ಅಂದೆ. ಸೆಲ್ ವಾಚು ಬಂದ ಮೇಲೆ ಅಂಗಡಿ ಹತ್ತುವವರು ಯಾರು? ಕೂದಲೆಳೆಯಷ್ಟು ಸಣ್ಣ ಹಲ್ಲಿನ ಚಕ್ರ ಕೂರಿಸುವುದನ್ನು ನೀನೇ ಕಲಿಸಿದ್ದು. ಈಗ ಅಂಥ ಚಕ್ರ ಮಾಡುವುದನ್ನು ಕಲಿಯುತ್ತೇನೆ.

ಅರ್ಜಿಯಲ್ಲಿ ತಂದೆಯ ಸಹಿಯ ಜಾಗ ಇನ್ನೂ ಖಾಲಿ. ನಿನ್ನ ಸಹಿ ನನಗೆ ಬರುತ್ತದೆ, ಆದರೂ ಹಾಕಲಿಲ್ಲ. ಏಳರ ಬಸ್ಸು ಹಿಡಿದರೆ ಒಂಬತ್ತಕ್ಕೆ ಹಾಸನ ತಲುಪುತ್ತೀಯ. ಅಷ್ಟು ಹೊತ್ತು ಅಲ್ಲಿನ ಬಸ್‌ಸ್ಟಾಂಡಿನಲ್ಲಿ ಕಾಯುತ್ತೇನೆ. ನೀನು ಬಾರದಿದ್ದರೆ ಅರ್ಜಿಯನ್ನು ಹಾಗೇ ಒಯ್ದು, ಕೇಳಿದವರಿಗೆ ನಾನೇ ಉತ್ತರ ಹೇಳುತ್ತೇನೆ.

ಬಾ ಅಪ್ಪಾ.

ಶಿವಲೀಲಾ