ನಿನ್ನ ರೆಕಾರ್ಡರಿನ ಗಡಿಯಾರ

ಗುರುದತ್ತ,

ಇನ್ನು ನಿನಗೆ ಬಹುವಚನವಿಲ್ಲ. ಹೆಂಡತಿಯನ್ನು ಬಿಟ್ಟು ಹೊನ್ನಾವರದಲ್ಲಿ ಇನ್ನೊಂದು ಮನೆ ಮಾಡಿದವನಿಗೆ ಎಂತಹ ಮರ್ಯಾದೆ? ಈ ಕಾಗದಕ್ಕೆ ಸ್ಟಾಂಪು ಹಚ್ಚುವಷ್ಟು ಯೋಗ್ಯತೆಯೂ ನಿನಗಿಲ್ಲ.

ನೀನು ಭಟ್ಕಳದಿಂದ ತಂದ ದುಬೈ ಟಿವಿ ರೆಕಾರ್ಡರನ್ನು ಇವತ್ತು ಖಾಲಿ ಮಾಡಿಸಿದೆ. ಅಂಗಡಿ ಮುಚ್ಚಿ ಬರುವುದು ತಡವೆಂದು, ನಿನ್ನ ಧಾರಾವಾಹಿ ದಿನವೂ ತಾನಾಗಿಯೇ ರೆಕಾರ್ಡ್ ಆಗುವಂತೆ ಇಟ್ಟಿದ್ದೆಯಲ್ಲ. ನೀನು ಹೋದಮೇಲೂ ಅದು ತುಂಬಿಕೊಳ್ಳುತ್ತಲೇ ಇತ್ತು. ಕೊನೆಗೆ ಹಾರ್ಡ್ ಡಿಸ್ಕಿನಲ್ಲಿ ಜಾಗವಿಲ್ಲ ಎಂದಿತು. ಕುಮಟೆಯಿಂದ ರಿಪೇರಿಯ ಪ್ರವೀಣನನ್ನು ಕರೆಸಿ, ಎಲ್ಲ ಅಳಿಸು ಎಂದೆ. ಅಳಿಸಿದ. ನನ್ನ ಹೊಟ್ಟೆ ತಣ್ಣಗಾಯಿತು.

ಆಮೇಲೆ ಅವನು ಕೇಳಿದ: “ಅಕ್ಕಾ, ಗುಡುಗು ಬಂದ್ರೆ ಪ್ಲಗ್ ತೆಗೀತ್ರಿ ಅಲ್ವಾ?”

“ತೆಗೀದೇ ಎಂತ ಮಾಡೂದು? ಸುಟ್ಟು ಹೋಗೂಕೆ ಬಿಡೂದಾ?”

“ತೆಗೆದ್ರೆ ಇದರ ಗಡಿಯಾರ ಸೊನ್ನೆಗೆ ಹೋಗ್ತದೆ. ಮತ್ತೆ ಟೈಮ್ ಸರಿ ಮಾಡದೇ ಇದ್ರೆ ಎಂತದೂ ರೆಕಾರ್ಡ್ ಆಗೂದಿಲ್ಲ. ಪ್ರತಿ ಸಲ ಯಾರು ಸರಿ ಮಾಡಿದ್ರು?”

“ಚಾ ಆರ್ತದೆ, ಕುಡಿ” ಎಂದೆ.

ಅವನು ಹೊರಟ ಮೇಲೆ ಗುಡುಗಿತು. ಓಡಿಹೋಗಿ ಪ್ಲಗ್ ಕಿತ್ತೆ. ಈಗ ಗುಡುಗು ನಿಂತಿದೆ. ಧಾರಾವಾಹಿಗೆ ಹೊತ್ತಾಯಿತು, ಗೋಡೆಯ ಗಡಿಯಾರ ನೋಡಿ ಟೈಮ್ ಸರಿ ಮಾಡಬೇಕು.

ನೀನು ಹಾಳಾಗಿ ಹೋಗು.

ವಿನುತಾ